ಮರೆವಿನ ಅಳತೆ, ಮುಖಭಾವದ ಓದು

ಡಿಮೆನ್ಷಿಯಾ ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಮಾತು, ವಿವೇಚನೆ, ನಡವಳಿಕೆ ಇವೆಲ್ಲ ನಿತ್ಯದ ಬದುಕು ಸಾಗಿಸಲಾಗದಷ್ಟು ಕುಸಿದ ಸ್ಥಿತಿಗೆ ಆ ಹೆಸರಿದೆ. ಅದರ ಹಿಂದೆ ಆಲ್‌ಝೈಮರ್ ಕಾಯಿಲೆ ಇರಬಹುದು, ಮೆದುಳಿನ ರಕ್ತನಾಳಗಳ ತೊಂದರೆ ಇರಬಹುದು, ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಮೆದುಳಿನ ಭಾಗಗಳು ಸವೆಯುವ ಫ್ರಂಟೊಟೆಂಪೊರಲ್ ಕಾಯಿಲೆ ಇರಬಹುದು. ಯಾವುದೇ ಇರಲಿ, ಕಾಯಿಲೆ ಇದೆಯೇ, ಎಷ್ಟು ದೂರ ಬಂದಿದೆ ಎಂದು ತಿಳಿಯುವುದಕ್ಕೆ ಮೊದಲಿನಿಂದಲೂ ಇದ್ದ ದಾರಿ ಎಂದರೆ ಪ್ರಶ್ನೆ ಕೇಳುವುದು, ಚಿತ್ರ ತೋರಿಸುವುದು, ಮನೆಯವರನ್ನು ಮಾತನಾಡಿಸುವುದು. ಸ್ಕ್ಯಾನು, ರಕ್ತಪರೀಕ್ಷೆಗಳು ಬಂದ ಮೇಲೂ ಈ ದಾರಿ ಬಿಟ್ಟುಹೋಗಿಲ್ಲ. ಆದರೆ ಪ್ರಶ್ನೆಗಳು ಎಲ್ಲೋ ಒಂದು ಕಡೆ ಹುಟ್ಟುತ್ತವೆ. ಹುಟ್ಟಿದ ಊರಿನ ಶಾಲೆ, ಭಾಷೆ, ಕ್ಯಾಲೆಂಡರು ಅವುಗಳ ಜೊತೆಯಲ್ಲೇ ಪ್ರಯಾಣ ಮಾಡುತ್ತವೆ. ಯಾದಗಿರಿ, ಶಹಾಪುರ, ಸುರಪುರದಂಥ ಸೀಮೆಗೆ ಅವು ಬಂದು ತಲುಪಿದಾಗ ಏನಾಗುತ್ತದೆ ಎಂಬುದು ಈ ಚರಿತ್ರೆಯ ಮುಖ್ಯ ಪ್ರಶ್ನೆ.

ಈ ಮೂರು ತಾಲ್ಲೂಕುಗಳು ಕೃಷ್ಣಾ ಮತ್ತು ಭೀಮಾ ನದಿಗಳ ಸೀಮೆ. ಸುರಪುರ ನಾಯಕರ ಸಂಸ್ಥಾನವಾಗಿತ್ತು. 1858ರ ಬಂಡಾಯದಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು ಸೋತ ಮೇಲೆ, 1860ರಲ್ಲಿ ಅದು ನಿಜಾಮನ ಕೈಸೇರಿತು. ಅಲ್ಲಿಂದ 1948ರ ಸೆಪ್ಟೆಂಬರ್‌ವರೆಗೆ ಇಡೀ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮನೆಮಾತು ಕನ್ನಡವಾದರೂ ಕಚೇರಿ, ಕೋರ್ಟು, ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ ನಡೆಯುತ್ತಿದ್ದವು. 1956ರಲ್ಲಿ ಗುಲಬರ್ಗಾ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿದ ಈ ತಾಲ್ಲೂಕುಗಳು 2009ರ ಡಿಸೆಂಬರ್ 30ರಂದು ಬೇರೆ ಜಿಲ್ಲೆಯಾದವು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ, ಸಾಕ್ಷರತೆ ಶೇ 51.83. ರಾಜ್ಯದ ಸರಾಸರಿ ಶೇ 75.36 ಇದ್ದಾಗ ಇದು ಎಲ್ಲ ಜಿಲ್ಲೆಗಳಿಗಿಂತ ಕೆಳಗಿನ ಸ್ಥಾನ. ಮುಪ್ಪಿನವರನ್ನು, ಅದರಲ್ಲೂ ಹೆಂಗಸರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಓದು ಬರೆಹ ಬಲ್ಲವರ ಪಾಲು ಇನ್ನೂ ಕುಗ್ಗುತ್ತದೆ. ಡಿಮೆನ್ಷಿಯಾ ಅಳೆಯುವ ಮಾತಿಗೆ ಈ ಅಂಕಿ ಹೊರಗಿನದಾಗಿ ಕಾಣಬಹುದು. ಮುಂದೆ ನೋಡುವಂತೆ ಅದೇ ಎಲ್ಲಕ್ಕೂ ಬುಡ.

ಹಳೆಯ ಕಾಲದಲ್ಲಿ ಮುದುಕರ ಮರೆವು ಆಸ್ಪತ್ರೆಯ ವಿಷಯವಾಗಿರಲಿಲ್ಲ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯೇ ಅದಕ್ಕೆ ಸಾಕಾದ ವಿವರಣೆಯಾಗಿತ್ತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ 1845ರಲ್ಲೇ ಮಾನಸಿಕ ರೋಗಿಗಳ ಆಸ್ಪತ್ರೆ ಶುರುವಾಗಿತ್ತು. ಇಂದಿನ ಡಿಮ್ಹಾನ್ಸ್‌ಗೆ ಅದೇ ಮೂಲ. ಸುರಪುರದವರಿಗೆ ಅದು ಗಡಿಯಾಚೆಯ ಆಸ್ಪತ್ರೆ. ನಿಜಾಮನ ರಾಜ್ಯದ ಆಸ್ಪತ್ರೆ ಮರಾಠವಾಡದ ಜಾಲ್ನಾದಲ್ಲಿತ್ತು, 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಬಂತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಳೆಯಿತು, ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಇವೆಲ್ಲ ದೊಡ್ಡ ಹೆಸರುಗಳು. ಆದರೆ ಮನೆಯ ಮೂಲೆಯಲ್ಲಿ ಕೂತು ಕೇಳಿದ್ದನ್ನೇ ಕೇಳುವ ಮುತ್ಯಾನನ್ನು ಅಷ್ಟು ದೂರ ಕರೆದೊಯ್ಯಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. ಬಡಿದಾಟ, ಬೆಂಕಿ, ಓಡಿಹೋಗುವುದು ಇದ್ದರೆ ಮಾತ್ರ ಆ ದಾರಿ.

ಅಳೆಯುವ ಕಸುಬು ಶುರುವಾದದ್ದು ಯೂರೋಪಿನಲ್ಲಿ. 1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 51 ವರ್ಷದ ಆಗುಸ್ಟ ಡೀಟರ್ ಎಂಬಾಕೆ ಸೇರಿದಳು. ವೈದ್ಯ ಅಲೋಯಿಸ್ ಆಲ್‌ಝೈಮರ್ ಅವಳನ್ನು ದಿನದಿನವೂ ಪ್ರಶ್ನೆ ಕೇಳಿ ಉತ್ತರಗಳನ್ನು ಬರೆದಿಟ್ಟ. ಹೂಕೋಸು, ಹಂದಿಮಾಂಸ ತಿನ್ನುತ್ತಿದ್ದವಳನ್ನು ಏನು ತಿನ್ನುತ್ತಿದ್ದೀಯ ಎಂದು ಕೇಳಿದರೆ ಪಾಲಕ್ ಎಂದಳು. 1906ರಲ್ಲಿ ಅವಳು ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗನ್ನಿನ ಸಭೆಯಲ್ಲಿ ವರದಿ ಮಂಡಿಸಿದ. 1910ರಲ್ಲಿ ಮನೋವೈದ್ಯ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಆಲ್‌ಝೈಮರನ ಹೆಸರಿಟ್ಟ. ಈ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ: ಆಗುಸ್ಟಳಲ್ಲಿ ಮೊದಲು ಕಂಡ ಲಕ್ಷಣ ಮರೆವಲ್ಲ, ಗಂಡನ ಮೇಲಿನ ಮತ್ಸರ. ಹೆಸರಾಂತ ಮೊದಲ ರೋಗಿಯ ಕಾಯಿಲೆ ಭಾವದಲ್ಲಿ ತಲೆಹಾಕಿತ್ತು. ಮುಂದಿನ ಎಂಬತ್ತು ವರ್ಷ ಅಳತೆ ಮಾತ್ರ ನೆನಪಿನ ಬೆನ್ನು ಹತ್ತಿತು.

1968ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬ್ಲೆಸೆಡ್, ಟಾಮ್ಲಿನ್ಸನ್, ರಾತ್ ಎಂಬ ಮೂವರು ಬದುಕಿದ್ದಾಗಿನ ಅಂಕವನ್ನೂ ಸತ್ತ ಮೇಲಿನ ಮೆದುಳಿನ ಕಲೆಗಳನ್ನೂ ಹೋಲಿಸಿ, ಎರಡಕ್ಕೂ ಸಂಬಂಧವಿದೆ ಎಂದು ತೋರಿಸಿದರು. ಅವರ ಪಟ್ಟಿಯಲ್ಲಿ ಇನ್ನೊಬ್ಬರ ಭಾವನೆಗಳ ಬಗ್ಗೆ ಕಾಳಜಿ ಕುಗ್ಗಿದೆಯೇ ಎಂಬ ಪ್ರಶ್ನೆಯೂ ಇತ್ತು. 1975ರಲ್ಲಿ ಅಮೆರಿಕದ ಫೋಲ್ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಪ್ರಕಟಿಸಿದ 30 ಅಂಕದ ಕಿರುಪರೀಕ್ಷೆ ಎಂಎಂಎಸ್‌ಇ ಆ ಪ್ರಶ್ನೆಯನ್ನು ಕೈಬಿಟ್ಟಿತು. ಹತ್ತೇ ನಿಮಿಷದಲ್ಲಿ ಮುಗಿಯುವ ಪರೀಕ್ಷೆ ಎಂಬ ಕಾರಣಕ್ಕೆ ಅದು ಜಗತ್ತಿನ ಎಲ್ಲ ಆಸ್ಪತ್ರೆಗಳಿಗೂ ಹೋಯಿತು. ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಹಂತ ಕಟ್ಟುವ ಕೆಲಸಕ್ಕೆ 1982ರಲ್ಲಿ ಸೇಂಟ್ ಲೂಯಿಸ್‌ನಿಂದ ಸಿಡಿಆರ್ ಎಂಬ ಮಾಪಕವೂ, ಅದೇ ವರ್ಷ ರೈಸ್‌ಬರ್ಗ್ ತಂಡದ ಏಳು ಹಂತಗಳ ಮಾಪಕವೂ ಬಂದವು. ಸಿಡಿಆರ್ ಆರು ವಿಷಯಗಳನ್ನು ನೋಡುತ್ತದೆ: ನೆನಪು, ಕಾಲ ಮತ್ತು ಸ್ಥಳದ ಅರಿವು, ತೀರ್ಮಾನಶಕ್ತಿ, ಹೊರಗಿನ ವ್ಯವಹಾರ, ಮನೆಗೆಲಸ, ಮೈಯ ಆರೈಕೆ. ಭಾವಕ್ಕೆ ಇಲ್ಲೂ ಪ್ರತ್ಯೇಕ ಜಾಗವಿಲ್ಲ.

ಎಂಎಂಎಸ್‌ಇಯನ್ನು ಸುರಪುರದ ಹಳ್ಳಿಯೊಂದರ ಕಟ್ಟೆಯ ಮೇಲಿಟ್ಟು ನೋಡಿದರೆ ತೊಡಕು ತಾನಾಗಿ ಕಾಣುತ್ತದೆ. ಮೊದಲ ಪ್ರಶ್ನೆ ಇಸವಿ, ತಾರೀಖು. ಮುತ್ಯಾನ ಕಾಲಗಣನೆ ಅಮಾಸಿ, ಹುಣ್ಣಿಮೆ, ವಾರ, ಮಿರಗದ ಮಳೆಗಳಲ್ಲಿ ನಡೆಯುತ್ತದೆ. ಅಮಾಸಿಯಾಗಿ ಎಷ್ಟು ದಿನವಾಯಿತೆಂದು ಸರಿಯಾಗಿ ಹೇಳಬಲ್ಲವರು ಇಂಗ್ಲಿಷ್ ತಾರೀಖಿಗೆ ಸೊನ್ನೆ ಪಡೆಯುತ್ತಾರೆ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂಬುದು ಮುಂದಿನ ಪ್ರಶ್ನೆ. ಸಂತೆಯಲ್ಲಿ ಚಿಲ್ಲರೆ ತಪ್ಪದೆ ಎಣಿಸುವ ಆಯಿ ಈ ಲೆಕ್ಕಕ್ಕೆ ಸುಮ್ಮನಾಗುತ್ತಾಳೆ. ಕಾಗದದ ಮೇಲೆ ಬರೆದ ಸೂಚನೆ ಓದಿ ಹಾಗೆ ಮಾಡಿ, ಒಂದು ವಾಕ್ಯ ಬರೆಯಿರಿ, ಎರಡು ಪಂಚಕೋನಗಳ ಚಿತ್ರ ನಕಲು ಮಾಡಿ ಎಂಬ ಪ್ರಶ್ನೆಗಳಲ್ಲಿ ಪೆನ್ಸಿಲು ಹಿಡಿಯದ ಕೈಗೆ ಅಂಕವಿಲ್ಲ. ನಿಜಾಮನ ಕಾಲದಲ್ಲಿ ಕಲಿತ ಹಿರಿಯರಿಗೆ ಇನ್ನೊಂದು ಬಗೆಯ ತೊಂದರೆ: ಮಾತು ಕನ್ನಡ, ಬರೆಹ ಉರ್ದು. ಕನ್ನಡದ ಪರೀಕ್ಷೆ ಅಂಥವರನ್ನು ಅನಕ್ಷರಸ್ಥರೆಂದು ಬರೆದುಕೊಳ್ಳುವ ಅಪಾಯವಿತ್ತು. 24ಕ್ಕಿಂತ ಕಡಿಮೆ ಬಂದರೆ ಸಂಶಯಪಡಬೇಕು ಎಂಬ ಅಮೆರಿಕದ ಗೆರೆಯನ್ನು ಇಲ್ಲಿ ಹಾಗೇ ಎಳೆದರೆ ಊರಿಗೆ ಊರೇ ರೋಗಿಯಾಗುತ್ತದೆ.

ಇದಕ್ಕೆ ಪರಿಹಾರ ಹುಡುಕಿದ್ದು ಹರಿಯಾಣದ ಬಲ್ಲಭಗಢ. ದೆಹಲಿಯ ಏಮ್ಸ್‌ನ ಗ್ರಾಮೀಣ ಕೇಂದ್ರವಿರುವ ಆ ಸೀಮೆಯ ಹಳ್ಳಿಗಳಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೇರಿ ಗಂಗೂಲಿ ಮತ್ತು ಸಂಗಡಿಗರು ಕೆಲಸ ಮಾಡಿದರು. ಅಲ್ಲಿನ ಮುದುಕರಲ್ಲೂ ಬಹುಪಾಲು ಅನಕ್ಷರಸ್ಥರು. 1995ರಲ್ಲಿ ಅವರು ಪ್ರಕಟಿಸಿದ ಎಚ್‌ಎಂಎಸ್‌ಇ ಎಂಬ ಹಿಂದಿ ರೂಪದ ಬದಲಾವಣೆಗಳು ಚಿಕ್ಕವು, ಆದರೆ ಜಾಣತನದವು. ಲೆಕ್ಕದ ಕಾಟ ತಪ್ಪಿಸಲು ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿಸುವುದು. ವಾಕ್ಯ ಬರೆಸುವ ಬದಲು ಮನೆಯ ಬಗ್ಗೆ ಒಂದು ಮಾತು ಹೇಳಿಸುವುದು. 'ಕಣ್ಣು ಮುಚ್ಚಿ' ಎಂದು ಬರೆದು ಓದಿಸುವ ಬದಲು, ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ ಎಂದು ಹೇಳಿ ಪರೀಕ್ಷಕನೇ ಕಣ್ಣು ಮುಚ್ಚುವುದು. ಇದೇ ಯೋಜನೆ 1999ರಲ್ಲಿ ದಿನನಿತ್ಯದ ಸಾಮರ್ಥ್ಯ ಅಳೆಯುವ ಪಟ್ಟಿಯನ್ನೂ ಕೊಟ್ಟಿತು. ಚೆಕ್ ಬರೆಯುವುದು, ಕಾರು ಓಡಿಸುವುದು ಅದರಲ್ಲಿಲ್ಲ. ಹಬ್ಬಗಳ ನೆನಪಿದೆಯೇ, ಊರೊಳಗೆ ದಾರಿ ತಪ್ಪುತ್ತಾರೆಯೇ, ಮನೆಯ ಮದುವೆಯಂಥ ಮಾತಿನಲ್ಲಿ ತಮ್ಮ ಅಭಿಪ್ರಾಯ ಹೇಳುತ್ತಾರೆಯೇ ಎಂಬಂಥ ಪ್ರಶ್ನೆಗಳಿವೆ. ಕೂಡುಕುಟುಂಬದಲ್ಲಿ ಅಡುಗೆ ಮಾಡದಿರುವುದು, ಸಂತೆಗೆ ಹೋಗದಿರುವುದು ರೋಗದ ಗುರುತಾಗಲಾರದು. ಸೊಸೆ ಬಂದ ಮೇಲೆ ಅತ್ತೆ ಒಲೆ ಬಿಡುವುದು ಪದ್ಧತಿ.

ಬಲ್ಲಭಗಢದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. 65 ದಾಟಿದವರಲ್ಲಿ ಆಲ್‌ಝೈಮರ್ ಶೇ 1.07 ಮಾತ್ರ; ಆವರೆಗೆ ದಾಖಲಾದ ಅತಿ ಕಡಿಮೆ ಪ್ರಮಾಣಗಳಲ್ಲಿ ಇದೂ ಒಂದು. ಎಸ್. ಶಾಜಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಕೇರಳದ ಗ್ರಾಮೀಣ ಸಮೀಕ್ಷೆಯಲ್ಲಿ 60 ದಾಟಿದ ಸಾವಿರ ಮಂದಿಯಲ್ಲಿ ಸುಮಾರು 34 ಮಂದಿಗೆ ಡಿಮೆನ್ಷಿಯಾ ಇತ್ತು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ 4,096 ಹಿರಿಯರನ್ನು ಪರೀಕ್ಷಿಸಿ, 60 ದಾಟಿದವರಲ್ಲಿ ಶೇ 7.4, ಎಂದರೆ ದೇಶದಲ್ಲಿ ಸುಮಾರು 88 ಲಕ್ಷ ಮಂದಿ ಎಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಮೂವತ್ತು ವರ್ಷದಲ್ಲಿ ಕಾಯಿಲೆ ಇಷ್ಟು ಪಟ್ಟು ಹೆಚ್ಚಿತೇ? ಆಯುಸ್ಸು ಹೆಚ್ಚಿದ್ದು ನಿಜ. ಆದರೆ ವ್ಯತ್ಯಾಸದ ದೊಡ್ಡ ಪಾಲು ಗೆರೆ ಎಲ್ಲಿ ಎಳೆದರು, ಯಾರನ್ನು ರೋಗಿಯೆಂದು ಎಣಿಸಿದರು ಎಂಬುದರಲ್ಲಿದೆ. ಅಂಕಿಗಳನ್ನು ಸಾಲಾಗಿಟ್ಟು ಏರಿಕೆ ತೋರಿಸುವ ಪತ್ರಿಕಾ ಲೇಖನಗಳು ಇದನ್ನು ಹೇಳುವುದಿಲ್ಲ.

ಕನ್ನಡದಲ್ಲಿ ಅಳೆಯುವ ಸಾಧನಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಸೇರುತ್ತ ಬಂದವು. 1998ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ 10/66 ಎಂಬ ಅಂತರರಾಷ್ಟ್ರೀಯ ತಂಡದ ಹೆಸರೇ ಒಂದು ದೂರು: ರೋಗಿಗಳಲ್ಲಿ ಶೇ 66 ಮಂದಿ ಬಡ ದೇಶಗಳಲ್ಲಿದ್ದರೂ ಸಂಶೋಧನೆಯ ಶೇ 10ರಷ್ಟೂ ಅಲ್ಲಿ ನಡೆಯುವುದಿಲ್ಲ. ಈ ತಂಡ ರೋಗಿಯ ಪರೀಕ್ಷೆಯ ಜೊತೆಗೆ ಮನೆಯವರ ಸಂದರ್ಶನವನ್ನೂ ಸೇರಿಸಿ, ಶಾಲೆ ಕಲಿಯದವರಿಗೆ ಅನ್ಯಾಯವಾಗದಂತೆ ವಿಧಾನ ರೂಪಿಸಿತು. ಅದರ ಕನ್ನಡ ರೂಪ ಮೈಸೂರಿನಲ್ಲಿ, ಹಳೆಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಮಾಡಿದ ಅಧ್ಯಯನದಲ್ಲಿ ಬಳಕೆಗೆ ಬಂತು. ನಿಮ್ಹಾನ್ಸ್‌ನ ನರಮನೋವಿಜ್ಞಾನ ಪರೀಕ್ಷೆಗಳು 2004ರ ಹೊತ್ತಿಗೆ ವಯಸ್ಸು, ಲಿಂಗ, ಓದಿನ ಪ್ರಕಾರ ಬೇರೆ ಬೇರೆ ಅಂಕದ ಮಟ್ಟ ಗೊತ್ತುಮಾಡಿದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾಪೆಟ್ಟಿಗೆ 2020ರಲ್ಲಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳ ಜೊತೆ ಕನ್ನಡದಲ್ಲೂ ಸಿದ್ಧವಾಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಕೈಗೊಂಡಿತು. ಕಾಯಿಲೆ ಹೇಗೆ ಮುಂದುವರಿಯುತ್ತದೆ ಎಂದು ತಿಳಿಯಲು ಅದೇ ಜನರನ್ನು ಮತ್ತೆ ಮತ್ತೆ ನೋಡಬೇಕು. ಒಂದು ಸಲದ ಸಮೀಕ್ಷೆ ಅದಕ್ಕೆ ಸಾಲದು. ಭೂಪಟದಲ್ಲಿ ನೋಡಿದರೆ ಈ ಕನ್ನಡದ ಕೆಲಸದ ಭಾರವೆಲ್ಲ ಬೆಂಗಳೂರು, ಮೈಸೂರು, ಕೋಲಾರಗಳ ಕಡೆಗೇ ವಾಲಿದೆ.

ಯಾದಗಿರಿ ಸೀಮೆಗೆ ಹತ್ತಿರದ ಸಂಶೋಧನೆ ಬಂದದ್ದು ಹಳೆಯ ರಾಜಧಾನಿಯಿಂದ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸ್ಮೃತಿ ಚಿಕಿತ್ಸಾಲಯದಲ್ಲಿ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದೇ ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ 61.1 ವರ್ಷಕ್ಕೆ ಕಾಣಿಸಿಕೊಂಡರೆ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ 65.6 ವರ್ಷಕ್ಕೆ, ನಡುವೆ ನಾಲ್ಕೂವರೆ ವರ್ಷ. ಶಾಲೆಗೆ ಹೋಗದವರಲ್ಲೂ ಈ ಅಂತರ ಉಳಿದದ್ದು ವಿಶೇಷ. ಎರಡನೆಯ ಭಾಷೆ ಶಾಲೆಯಿಂದ ಬಂದದ್ದಲ್ಲ, ಓಣಿಯಿಂದ ಬಂದದ್ದು. ಕನ್ನಡ, ದಖನಿ ಉರ್ದು, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಆಡುತ್ತ ಬೆಳೆಯುವ ಯಾದಗಿರಿ ಜನರ ಸ್ಥಿತಿಯೂ ಹೈದರಾಬಾದಿನದೇ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಭಾಷೆಯೇ ಕಾರಣವೋ ಭಾಷೆಯ ಜೊತೆಗಿರುವ ಬದುಕೋ ಎಂಬ ವಾದ ಮುಗಿದಿಲ್ಲ. ಅದೇ ಚಿಕಿತ್ಸಾಲಯದ ಮತ್ತೊಂದು ವರದಿ, 2011ರದು, ಅಲ್ಲಿಗೆ ಬಂದ ರೋಗಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಫ್ರಂಟೊಟೆಂಪೊರಲ್ ಬಗೆಯದೆಂದು ತೋರಿಸಿತು. ಭಾವ ಓದುವ ಶಕ್ತಿ ಮೊದಲು ಹೋಗುವುದು ಈ ಬಗೆಯಲ್ಲೇ.

ಮುಖ ಓದುವ ಶಾಸ್ತ್ರದ ಚರಿತ್ರೆ ಬೇರೆ ಕಡೆಯಿಂದ ಬಂದು ಇಲ್ಲಿ ಕೂಡುತ್ತದೆ. ಫ್ರಾನ್ಸಿನ ದ್ಯುಶೇನ್ 1862ರಲ್ಲಿ ಮುಖದ ಸ್ನಾಯುಗಳಿಗೆ ವಿದ್ಯುತ್ತು ಹಾಯಿಸಿ ಭಾವಗಳ ಫೋಟೊ ತೆಗೆದ. ಚಾರ್ಲ್ಸ್ ಡಾರ್ವಿನ್ 1867ರಲ್ಲಿ ಪ್ರಪಂಚದ ಮೂಲೆಮೂಲೆಗೆ ಪ್ರಶ್ನಾವಳಿ ಕಳಿಸಿ, 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿ ಕುರಿತ ಗ್ರಂಥ ಹೊರತಂದ. ಅವನಿಗೆ ಉತ್ತರ ಬರೆದವರಲ್ಲಿ ದಖನ್ನಿನ ಅಹಮದ್‌ನಗರ ಜಿಲ್ಲೆಯಲ್ಲಿದ್ದ ಅರ್ಸ್ಕಿನ್ ಎಂಬ ಇಂಗ್ಲಿಷನೂ ಒಬ್ಬ. ಇನ್ನೂ ನೂರು ವರ್ಷದ ಮೇಲೆ ಮನೋವಿಜ್ಞಾನಿಗಳಾದ ಪಾಲ್ ಎಕ್‌ಮನ್ ಮತ್ತು ಫ್ರೀಸನ್ ಅಕ್ಷರದ ಗಂಧವಿಲ್ಲದ ನ್ಯೂಗಿನಿಯ ಫೋರೆ ಜನರ ಬಳಿಗೆ ಹೋದರು. ಭಾವದ ಹೆಸರುಗಳ ಪಟ್ಟಿ ಕೊಟ್ಟರೆ ಅವರು ಓದಲಾರರು. ಅದಕ್ಕೆ ಚಿಕ್ಕ ಕಥೆ ಹೇಳುವುದು, ಮೂರು ಫೋಟೊ ಇಡುವುದು, ಕಥೆಯವನ ಮುಖ ಯಾವುದು ಎಂದು ಕೇಳುವುದು. ಗೆಳೆಯರು ಬಂದಿದ್ದಾರೆ, ಮಗು ಸತ್ತಿದೆ, ಮನೆ ಬಾಗಿಲಲ್ಲಿ ಕಾಡುಹಂದಿ ನಿಂತಿದೆ ಎಂಬಂಥ ಕಥೆಗಳು. 1971ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಂತೋಷ, ದುಃಖ, ಕೋಪ, ಅಸಹ್ಯಗಳನ್ನು ಅವರು ಬಹಳಮಟ್ಟಿಗೆ ಗುರುತಿಸಿದರು. ಭಯವನ್ನೂ ಆಶ್ಚರ್ಯವನ್ನೂ ಮಾತ್ರ ಬೇರೆ ಮಾಡಲಿಲ್ಲ. ಆಯ್ಕೆಗಳನ್ನು ಮುಂದಿಟ್ಟು ಕೇಳಿದ್ದರಿಂದಲೇ ಇಷ್ಟು ಸರಿ ಉತ್ತರ ಬಂತು ಎಂಬ ಟೀಕೆ ಮುಂದೆ ಬಲವಾಗಿ ಎದ್ದಿತು. 1976ರಲ್ಲಿ ಎಕ್‌ಮನ್ ಮತ್ತು ಫ್ರೀಸನ್ ಹದಿನಾಲ್ಕು ಜನರ 110 ಕಪ್ಪುಬಿಳುಪು ಫೋಟೊಗಳ ಸಂಗ್ರಹ ಪ್ರಕಟಿಸಿದರು. ಡಿಮೆನ್ಷಿಯಾ ಸಂಶೋಧನೆ ಮುಖಗಳನ್ನು ಎರವಲು ತಂದದ್ದು ಬಹುಮಟ್ಟಿಗೆ ಈ ಸಂಗ್ರಹದಿಂದಲೇ. 2002ರ 60 ಮುಖಗಳ ಪರೀಕ್ಷೆಯೂ ಅದರದೇ ಸಂತಾನ.

1990ರ ದಶಕದ ಕೊನೆಯಿಂದ ಬಂದ ಫಲಿತಾಂಶಗಳು ಸಾಕಷ್ಟು ಸ್ಪಷ್ಟ. ನಡವಳಿಕೆ ಕೆಡುವ ಬಗೆಯ ಫ್ರಂಟೊಟೆಂಪೊರಲ್ ಕಾಯಿಲೆಯಲ್ಲಿ ಕೋಪ, ದುಃಖ, ಭಯ, ಅಸಹ್ಯಗಳ ಮುಖ ಗುರುತಿಸುವ ಶಕ್ತಿ ಬೇಗ ಹೋಗುತ್ತದೆ, ನೆನಪು ಆಗಿನ್ನೂ ಚೆನ್ನಾಗಿರಬಹುದು. ಆಲ್‌ಝೈಮರಿನಲ್ಲಿ ಆರಂಭದಲ್ಲಿ ತೊಂದರೆ ಸಣ್ಣದು, ಕಾಯಿಲೆ ಬಲಿತಂತೆ ಹೆಚ್ಚುತ್ತದೆ. ನಗುಮುಖ ಕೊನೆಯವರೆಗೂ ಗುರುತು ಸಿಗುವುದೇ ಹೆಚ್ಚು. ಹೀಗಾಗಿ ಮುಖದ ಪರೀಕ್ಷೆ ಎರಡು ಕೆಲಸಕ್ಕೆ ಬರುತ್ತದೆ: ಯಾವ ಬಗೆಯ ಡಿಮೆನ್ಷಿಯಾ ಎಂದು ಬೇರ್ಪಡಿಸಲು, ವರ್ಷದಿಂದ ವರ್ಷಕ್ಕೆ ಎಷ್ಟು ಇಳಿಯಿತೆಂದು ನೋಡಲು. ನಾನು ಅತ್ತರೂ ಸುಮ್ಮನೆ ನೋಡುತ್ತ ಕೂಡುತ್ತಾರೆ ಎಂಬಂಥ ಹೆಂಡತಿಯ ಮಾತು ಸಿಡಿಆರ್ ಅಂಕದಲ್ಲಿ ಎಲ್ಲೂ ಕಾಣುವುದಿಲ್ಲ, ಇಲ್ಲಿ ಕಾಣುತ್ತದೆ. ಆದರೆ ಮುಖ ಓದಲಾರದವನಿಗೆ ಭಾವವೇ ಇಲ್ಲ ಎಂದುಕೊಳ್ಳುವುದು ತಪ್ಪು. 2014ರಲ್ಲಿ ಅಮೆರಿಕದ ಅಯೋವಾದಲ್ಲಿ 17 ಆಲ್‌ಝೈಮರ್ ರೋಗಿಗಳಿಗೆ ದುಃಖದ, ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಲಾಯಿತು. ಏನು ನೋಡಿದೆವೆಂಬುದು ಬೇಗ ಮರೆತುಹೋಯಿತು, ಹುಟ್ಟಿದ ಭಾವ ಉಳಿದುಕೊಂಡಿತ್ತು. ಆರೈಕೆ ಮಾಡುವವರು ಗದರಿಸಿದ್ದನ್ನು ಮುದುಕರು ಮರೆಯುತ್ತಾರೆ, ಸಂಕಟವನ್ನಲ್ಲ.

ಅಮೆರಿಕದ ಬಿಳಿಯರ ಹಳೆಯ ಫೋಟೊಗಳು ಭಾರತದ ರೋಗಿಗಳಿಗೆ ಎಷ್ಟು ಸರಿ ಎಂಬ ಪ್ರಶ್ನೆಗೆ ಉತ್ತರ ಕೊಡಲು ಬೆಂಗಳೂರು ಮುಂದಾಯಿತು. ನಿಮ್ಹಾನ್ಸ್‌ನಲ್ಲಿ ರಿಷಿಕೇಶ್ ಬೆಹೆರೆ, ಗಣೇಶನ್ ವೆಂಕಟಸುಬ್ರಮಣಿಯನ್, ಬಿ.ಎನ್. ಗಂಗಾಧರ್ ಮುಂತಾದವರು 2008ರಲ್ಲಿ ಟ್ರೆಂಡ್ಸ್ ಎಂಬ ಸಾಧನ ಪ್ರಕಟಿಸಿದರು. ಅದರಲ್ಲಿ ನಾಲ್ವರು ಅನುಭವಿ ನಟರು, ಹರೆಯದ ಗಂಡು ಹೆಣ್ಣು, ವಯಸ್ಸಾದ ಗಂಡು ಹೆಣ್ಣು, ಆರು ಭಾವಗಳನ್ನೂ ಭಾವವಿಲ್ಲದ ಮುಖವನ್ನೂ ತೋರುತ್ತಾರೆ. 52 ಸ್ಥಿರಚಿತ್ರ, 28 ವಿಡಿಯೊ ತುಣುಕು. ಮೂಲ ಉದ್ದೇಶ ಸ್ಕಿಜೋಫ್ರೇನಿಯ ಸಂಶೋಧನೆಯಾದರೂ ನರರೋಗಗಳಿಗೂ ಆಗುವಂತೆ ಹೆಸರು ಇಟ್ಟಿದ್ದಾರೆ. ಭಾರತೀಯ ಮುಖ, ಅದರಲ್ಲೂ ಮುಪ್ಪಿನ ಮುಖ ಪರೀಕ್ಷೆಯೊಳಗೆ ಬಂದದ್ದು ದೊಡ್ಡ ಹೆಜ್ಜೆ. ಭಾವವನ್ನು ಪಳಗಿದ ನಟರಿಂದ ಮಾಡಿಸಿ ನೋಡುಗರು ಗುರುತಿಸುವರೇ ಎಂದು ನೋಡುವ ಕ್ರಮಕ್ಕೆ ನಮ್ಮಲ್ಲಿ ನಾಟ್ಯಶಾಸ್ತ್ರದಷ್ಟು ಹಳೆಯ ಬೇರಿದೆ. 2000ದಲ್ಲಿ ಅಹಲ್ಯಾ ಹೆಜ್ಮಾಡಿ, ಡೇವಿಡ್‌ಸನ್, ರೋಜಿನ್ ಎಂಬವರು ನಾಟ್ಯಶಾಸ್ತ್ರದ ಭಾವಗಳ ವಿಡಿಯೊಗಳನ್ನು ಭಾರತೀಯರಿಗೂ ಅಮೆರಿಕನ್ನರಿಗೂ ತೋರಿಸಿ, ಎರಡೂ ಕಡೆಯವರು ಬಹುಪಾಲು ಗುರುತಿಸಿದರೆಂದು ವರದಿ ಮಾಡಿದ್ದರು. ದೊಡ್ಡಾಟ, ಸಣ್ಣಾಟ ನೋಡುತ್ತ ಬೆಳೆದ ಶಹಾಪುರದ ಹಿರಿಯರಿಗೆ ನಟನ ಕೋಪ, ನಟನ ಭಯ ಹೊಸದಲ್ಲ. ಆದರೆ ಬಯಲಾಟದ ಕೋಪ ಹತ್ತು ಮಾರು ದೂರದವರಿಗೂ ಕಾಣುವಂತೆ ದೊಡ್ಡದು. ಕಂಪ್ಯೂಟರ್ ಪರದೆಯ ಮೇಲಿನ ಸಣ್ಣ ಹುಬ್ಬುಗಂಟನ್ನು ಅದೇ ಕಣ್ಣು ಹೇಗೆ ಓದುತ್ತದೆ ಎಂಬುದು ಊಹೆಯಿಂದ ತೀರುವ ಮಾತಲ್ಲ.

ಪರೀಕ್ಷೆ ಮಾಡುವಾಗಿನ ಸಣ್ಣ ಸಂಗತಿಗಳೇ ಇಲ್ಲಿ ಅಂಕವನ್ನು ಏರಿಳಿಸುತ್ತವೆ. ಕಣ್ಣಿನ ಪೊರೆ ತೆಗೆಸದ ಮುದುಕಿಗೆ ಫೋಟೊದ ಮುಖವೇ ಮಸುಕು. ಅದನ್ನು ಭಾವ ಓದುವ ಶಕ್ತಿಯ ಕೊರತೆಯೆಂದು ಬರೆಯಬಾರದು. ಉತ್ತರಕ್ಕಾಗಿ ಭಾವದ ಹೆಸರು ಬರೆದ ಚೀಟಿ ಇಟ್ಟರೆ ಅದು ಓದಿನ ಪರೀಕ್ಷೆಯಾಗುತ್ತದೆ. ಹೆಸರುಗಳನ್ನು ಬಾಯಲ್ಲಿ ಹೇಳಿದರೆ ಏಳು ಹೆಸರು ನೆನಪಿಡುವ ಪರೀಕ್ಷೆಯಾಗುತ್ತದೆ, ನೆನಪಿನ ಕಾಯಿಲೆಯವರಿಗೆ ಅದೇ ಕಷ್ಟ. ಎರಡು ಮುಖಗಳನ್ನು ಇಟ್ಟು ಒಂದೇ ಭಾವವೋ ಬೇರೆಯೋ ಎಂದು ಕೇಳುವುದು, ಇಲ್ಲವೇ ಫೋರೆ ಜನರಿಗೆ ಮಾಡಿದಂತೆ ಕಥೆ ಹೇಳಿ ಮುಖ ಆರಿಸುವಂತೆ ಮಾಡುವುದು ಈ ಸೀಮೆಗೆ ಹೆಚ್ಚು ಹೊಂದುತ್ತದೆ. ಪ್ರಶ್ನೆಯ ಭಾಷೆಯೂ ಅಷ್ಟೇ ಮುಖ್ಯ. 'ಈ ವ್ಯಕ್ತಿಯು ಯಾವ ಭಾವನೆಯನ್ನು ವ್ಯಕ್ತಪಡಿಸುತ್ತಿದ್ದಾರೆ' ಎಂದರೆ ಮುತ್ಯಾ ಸುಮ್ಮನಿರುತ್ತಾನೆ. 'ಮುತ್ಯಾ, ಇವಗ ಏನಾಗ್ಯಾದ, ಸಿಟ್ಟ ಬಂದದೋ ಅಂಜಿಕಿ ಬಂದದೋ' ಎಂದರೆ ಬಾಯಿ ಬಿಡುತ್ತಾನೆ. ಇಷ್ಟಕ್ಕೂ ಹೊರಗಿನ ಅಪರಿಚಿತ ಗಂಡಸಿನ ಮುಖವನ್ನು ದಿಟ್ಟಿಸಿ ನೋಡುವುದು ಇಲ್ಲಿನ ಹಿರಿಯ ಹೆಂಗಸರಿಗೆ ಸಲೀಸಲ್ಲ, ಅವನು ಫೋಟೊದಲ್ಲಿದ್ದರೂ.

ಕಾಯಿಲೆ ಮುಂದುವರಿಯುವುದನ್ನು ಅಳೆಯಲು ಜೊತೆಗಿರುವ ಒಬ್ಬರು ಬೇಕು. ಸಿಡಿಆರ್ ಆಗಲಿ 10/66 ಆಗಲಿ ಹತ್ತಿರದವರ ಮಾತಿನ ಮೇಲೆ ನಿಂತಿದೆ. ಯಾದಗಿರಿ ಜಿಲ್ಲೆ ಗುಳೆಗೆ ಹೆಸರಾದದ್ದು. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಮಕ್ಕಳು, ಸೊಸೆಯಂದಿರು ತಿಂಗಳುಗಟ್ಟಲೆ ಹೋದಾಗ ಊರಲ್ಲಿ ಉಳಿಯುವವರು ಮುದುಕರು ಮತ್ತು ಮೊಮ್ಮಕ್ಕಳು. ಮಗ ದೀಪಾವಳಿಗೆ ಬಂದು ನೋಡಿದ ಅಪ್ಪನೂ ಯುಗಾದಿಗೆ ಬಂದು ನೋಡಿದ ಅಪ್ಪನೂ ಬೇರೆಯಾಗಿ ಕಂಡರೆ, ನಡುವಿನ ತಿಂಗಳುಗಳ ಸಾಕ್ಷಿ ಹತ್ತು ವರ್ಷದ ಮೊಮ್ಮಗಳು. ಸಂಶೋಧನೆಯ ನಮೂನೆಗಳಲ್ಲಿ ಅವಳ ಹೆಸರಿಗೆ ಜಾಗವಿಲ್ಲ.

ಸೇವೆಯ ಚರಿತ್ರೆ ಚಿಕ್ಕದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದು ಇದೇ ರಾಜ್ಯದ ಬಳ್ಳಾರಿಯಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ತೀವ್ರ ಮನೋರೋಗ, ಅಪಸ್ಮಾರಗಳು ಅದರ ಕಣ್ಣಿಗೆ ಬಿದ್ದವು, ಮುಪ್ಪಿನ ಮರೆವು ಹಿಂದೆ ಉಳಿಯಿತು. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಡಿಮೆನ್ಷಿಯಾ, ಪಾರ್ಶ್ವವಾಯು, ಅಪಸ್ಮಾರ, ತಲೆನೋವುಗಳು ಒಂದೇ ಸೂರಿನಡಿ ಬಂದವು. ಅದೇ ವರ್ಷ ಯಾದಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಯಾದಗಿರಿ ಪಟ್ಟಣ ಮುಂಬೈ–ಚೆನ್ನೈ ರೈಲು ಹಳಿಯ ಮೇಲಿದೆ, ಹೈದರಾಬಾದಿಗೂ ಬೆಂಗಳೂರಿಗೂ ಗಾಡಿ ಸಿಗುತ್ತದೆ. ಶಹಾಪುರ, ಸುರಪುರದವರು ಮೊದಲು ಬಸ್ಸು ಹಿಡಿಯಬೇಕು. ದಾರಿ ತಪ್ಪುವ ಕಾಯಿಲೆಯವರನ್ನು ಕರೆದುಕೊಂಡು ಮಾಡುವ ಪ್ರಯಾಣ ಇದು ಎಂಬುದನ್ನು ಯೋಜನೆ ಮಾಡುವವರು ನೆನಪಿಡಬೇಕು.

ಎಲ್ಲ ಮರೆವೂ ಡಿಮೆನ್ಷಿಯಾ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯಿಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳು, ತಲೆಗೆ ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ ಇವೂ ಮುದುಕರನ್ನು ಮರೆಗುಳಿಗಳನ್ನಾಗಿ ಮಾಡುತ್ತವೆ, ಇವುಗಳಿಗೆ ಚಿಕಿತ್ಸೆ ಇದೆ. ಆದ್ದರಿಂದ ಅರಳು ಮರಳು ಎಂದು ಸುಮ್ಮನಾಗುವುದಕ್ಕಿಂತ ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸುವುದು ಲಾಭದ ಕೆಲಸ. ಸಂಶೋಧನೆಯ ಕಡೆಯಿಂದ ಆಗಬೇಕಾದ್ದೂ ಸ್ಪಷ್ಟವಿದೆ. ಕನ್ನಡದ ಪರೀಕ್ಷೆಗಳು ಈಗಾಗಲೇ ಇವೆ, ಭಾರತೀಯ ಮುಖಗಳ ಸಂಗ್ರಹವೂ ಇದೆ. ಮೈಸೂರು, ಕೋಲಾರದ ಅಂಕಗಳನ್ನು ಇಲ್ಲಿಗೆ ತಂದು ಗೆರೆ ಎಳೆಯುವ ಬದಲು, ಆರೋಗ್ಯವಾಗಿರುವ ಯಾದಗಿರಿ, ಶಹಾಪುರ, ಸುರಪುರದ ಮುದುಕರನ್ನೇ, ಓದಿದವರನ್ನೂ ಓದದವರನ್ನೂ, ಅವರ ಮಾತಿನಲ್ಲಿ ಮೊದಲು ಪರೀಕ್ಷಿಸಿ ಇಲ್ಲಿನ ಮಟ್ಟ ಗೊತ್ತುಮಾಡಿಕೊಳ್ಳಬೇಕು. ಆ ಕೆಲಸಕ್ಕೆ ಹೊಸ ವೈದ್ಯಕೀಯ ಕಾಲೇಜಿಗಿಂತ ಸರಿಯಾದ ಜಾಗ ಜಿಲ್ಲೆಯಲ್ಲಿ ಬೇರೆ ಇಲ್ಲ.